ದ್ವೇಷಕ್ಕೆ ವೀಸಾ ಬೇಕಿಲ್ಲ

ಕಳೆದ ಸೆಮಿಸ್ಟರಿನಲ್ಲಿ ನಾವು ನಾಲ್ವರು ಸೇರಿ ಒಂದು ಮಿನಿ ಪ್ರಾಜೆಕ್ಟ್ ಮಾಡಿದೆವು. ಸೋಷಿಯಲ್ ಮೀಡಿಯಾದ ಕನ್ನಡ ಕಾಮೆಂಟುಗಳನ್ನು ಓದಿ, ಇದು ದ್ವೇಷದ ಮಾತೋ ಅಲ್ಲವೋ ಎಂದು ಹೇಳುವ ಪುಟ್ಟ ಪ್ರೋಗ್ರಾಂ ಅದು. ಕೋಡ್ ಬರೆಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಲೇಬಲ್ ಹಾಕುವುದು. ಕಂಪ್ಯೂಟರಿಗೆ ಕಲಿಸುವ ಮೊದಲು ಮನುಷ್ಯರೇ ಕೂತು ಒಂದೊಂದು ಕಾಮೆಂಟನ್ನೂ ಓದಿ ‘ದ್ವೇಷ’, ‘ದ್ವೇಷ ಅಲ್ಲ’ ಎಂದು ಗುರುತು ಹಾಕಬೇಕು. ನಾಲ್ವರೂ ಒಂದೇ ಗುರುತು ಹಾಕಿದರೆ ಮಾತ್ರ ಅದು ಕಲಿಕೆಗೆ ಯೋಗ್ಯ. ನಮ್ಮ ಜಗಳ ಶುರುವಾಗಿದ್ದೇ ಅಲ್ಲಿ.

ಒಂದು ಸಂಜೆ, ಲ್ಯಾಬ್ ಮುಚ್ಚುವ ಹೊತ್ತಿಗೆ, ಗಾಜಾದ ಮೇಲೆ ಬಾಂಬ್ ಬಿದ್ದ ಸುದ್ದಿಯ ಕೆಳಗಿನ ಕಾಮೆಂಟುಗಳ ಸರದಿ ಬಂತು. ಮೊದಲನೆಯದು ಇಸ್ರೇಲ್ ಸರ್ಕಾರವನ್ನು ಖಾರವಾಗಿ ಬೈದಿತ್ತು. ದ್ವೇಷ ಅಲ್ಲ, ಸರ್ಕಾರದ ಟೀಕೆ ಎಂದು ನಾಲ್ವರೂ ಒಪ್ಪಿದೆವು. ಎರಡನೆಯದು ಹಿಟ್ಲರ್ ಮಾಡಿದ್ದೇ ಸರಿ, ಅವನು ಕೆಲಸ ಪೂರ್ತಿ ಮಾಡಿ ಹೋಗಬೇಕಿತ್ತು ಎನ್ನುತ್ತಿತ್ತು. ಅದರ ಕೆಳಗೆ ಲೈಕುಗಳ ಸಾಲು, ನಗುವ ಎಮೋಜಿಗಳು.

‘ಇದು ದ್ವೇಷ ಅಲ್ಲ ಮಗಾ, ಸಿಟ್ಟು ಅಷ್ಟೇ. ಅಲ್ಲಿ ಮಕ್ಕಳು ಸಾಯ್ತಿದಾವೆ’ ಎಂದ ಒಬ್ಬ ಗೆಳೆಯ.

‘ಸರಿ, ಯಹೂದಿ ಅನ್ನೋ ಜಾಗದಲ್ಲಿ ನಿನ್ನ ಜಾತಿ ಹೆಸರು ಹಾಕಿ ಒಂದ್ಸಲ ಓದು’ ಎಂದಳು ನಮ್ಮ ತಂಡದ ಗೆಳತಿ.

ಅವನು ಓದಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆದರೆ ನಾನು ಸುಮ್ಮನಿದ್ದ ಕಾರಣ ಬೇರೆಯೇ ಇತ್ತು.

ನಾನು ಕಳಿಸಿದ್ದ ಫಾರ್ವರ್ಡ್

ಪಿಯುಸಿಯಲ್ಲಿದ್ದಾಗ ನಮ್ಮ ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿಗೆ ನಾನೇ ಒಂದು ಚಿತ್ರ ಕಳಿಸಿದ್ದೆ. ಹಿಟ್ಲರನ ಫೋಟೊ, ಪಕ್ಕದಲ್ಲಿ ಅವನದೆನ್ನಲಾದ ಒಂದು ಮಾತು. ಯಹೂದಿಗಳಲ್ಲಿ ಕೆಲವರನ್ನು ಬೇಕೆಂದೇ ಉಳಿಸಿದ್ದೇನೆ, ಉಳಿದವರನ್ನು ಯಾಕೆ ಕೊಂದೆ ಎಂದು ಮುಂದೆ ಜಗತ್ತಿಗೇ ತಿಳಿಯಲಿ ಎನ್ನುವುದು ಅದರ ತಾತ್ಪರ್ಯ. ನಿಮ್ಮಲ್ಲಿ ಹಲವರು ಇದನ್ನು ನೋಡಿರುತ್ತೀರಿ. ಭಾರಿ ಗತ್ತಿನ ಡೈಲಾಗ್ ಅನ್ನಿಸಿತ್ತು. ಹಿಟ್ಲರ್ ಈ ಮಾತನ್ನು ಆಡಿದ್ದಕ್ಕೆ ಯಾವ ದಾಖಲೆಯೂ ಇಲ್ಲ. ಅದು ಯಾರೋ ಕಟ್ಟಿದ ಸುಳ್ಳು ಎಂದು ತಿಳಿದದ್ದು ಈ ಪ್ರಾಜೆಕ್ಟ್ ಮಾಡುವಾಗ. ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು’ ಎನ್ನುವವರ ಸಾಲಿನಲ್ಲಿ ನಾನೂ ನಿಂತಿದ್ದೆ.

ನಾನು ಆ ಹೊತ್ತಿನವರೆಗೆ ಒಬ್ಬ ಯಹೂದಿಯನ್ನೂ ಕಂಡವನಲ್ಲ. ಯಾರ ಮೇಲೂ ಸಿಟ್ಟಿರಲಿಲ್ಲ. ನಮ್ಮಲ್ಲಿ ಹಿಟ್ಲರ್ ಎಂದರೆ ಶಿಸ್ತಿನ ಮೇಷ್ಟ್ರಿಗೆ, ಗದರುವ ಅಪ್ಪನಿಗೆ ಇಡುವ ಅಡ್ಡಹೆಸರು. ಕನ್ನಡದ ಒಂದು ಟಿ.ವಿ. ಧಾರಾವಾಹಿಗೇ ‘ಹಿಟ್ಲರ್ ಕಲ್ಯಾಣ’ ಎಂಬ ಹೆಸರಿತ್ತು. ಮನೆಮಂದಿಯೆಲ್ಲ ಕೂತು ನೋಡಿದೆವು. ಅವನ ಆತ್ಮಕಥೆ ಫುಟ್‌ಪಾತಿನ ಪುಸ್ತಕದಂಗಡಿಗಳಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಕೂತಿರುತ್ತದೆ. ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದ ಆಡಳಿತದ ಮುಖ್ಯಸ್ಥ ನಮಗೆ ಮ್ಯಾನೇಜ್‌ಮೆಂಟ್ ಗುರು! ಎರಡನೇ ಮಹಾಯುದ್ಧದ ಪಾಠ ಹೈಸ್ಕೂಲಿನಲ್ಲಿ ಇತ್ತು. ನನಗೆ ನೆನಪಿನಲ್ಲಿ ಉಳಿದದ್ದು ಇಸವಿಗಳು ಮಾತ್ರ.

ಹಾಗಾದರೆ ಯಾವ ಹಗೆಯೂ ಇಲ್ಲದ ಹುಡುಗನೊಬ್ಬನ ಮೊಬೈಲಿಗೆ, ಯುರೋಪಿನಲ್ಲಿ ಹುಟ್ಟಿದ ಹಗೆ ಹೇಗೆ ಬಂತು? ಈ ಪ್ರಶ್ನೆ ಹಿಡಿದು ಓದುತ್ತಾ ಹೋದಂತೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಯಹೂದಿ ದ್ವೇಷ ಎಂದೂ ಒಂದು ದೇಶದ ಕಾಯಿಲೆಯಾಗಿರಲಿಲ್ಲ. ಅದಕ್ಕೆ ಮದ್ದು ಹುಡುಕುವುದೂ ಒಂದು ದೇಶದಿಂದ ಆಗುವ ಕೆಲಸವಲ್ಲ.

ಸುಳ್ಳಿನ ವಿಶ್ವ ಪರ್ಯಟನೆ

1903ರಲ್ಲಿ ರಷ್ಯಾದ ಒಂದು ಪತ್ರಿಕೆಯಲ್ಲಿ ‘ಝಿಯಾನಿನ ಹಿರಿಯರ ನಡಾವಳಿ’ ಎಂಬ ಬರಹ ಪ್ರಕಟವಾಯಿತು. ಇಡೀ ಜಗತ್ತನ್ನು ಕೈವಶ ಮಾಡಿಕೊಳ್ಳಲು ಯಹೂದಿ ನಾಯಕರು ಗುಟ್ಟಾಗಿ ಸಭೆ ನಡೆಸಿದರು, ಇದು ಆ ಸಭೆಯ ವರದಿ ಎಂಬುದು ಅದರ ಸೋಗು. ಅಂಥ ಸಭೆಯೇ ನಡೆದಿರಲಿಲ್ಲ. 1921ರಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ, ಇದರ ಹೆಚ್ಚಿನ ಭಾಗ 1864ರ ಒಂದು ಫ್ರೆಂಚ್ ರಾಜಕೀಯ ವಿಡಂಬನೆಯಿಂದ ಕದ್ದದ್ದು ಎಂದು ಸಾಲಿಗೆ ಸಾಲು ಇಟ್ಟು ತೋರಿಸಿತು. ಆ ಮೂಲ ಪುಸ್ತಕಕ್ಕೂ ಯಹೂದಿಗಳಿಗೂ ಸಂಬಂಧವೇ ಇರಲಿಲ್ಲ.

ಅಷ್ಟರಲ್ಲಿ ಸುಳ್ಳು ಅಟ್ಲಾಂಟಿಕ್ ಸಾಗರ ದಾಟಿ ಆಗಿತ್ತು. ದಾಟಿಸಿದವರಲ್ಲಿ ಮುಖ್ಯನಾದವನು ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪಠ್ಯದಲ್ಲಿ ಬರುವ ದೊಡ್ಡ ಮನುಷ್ಯ, ಹೆನ್ರಿ ಫೋರ್ಡ್. ಕಾರಿಗೆ ಚಲಿಸುವ ಅಸೆಂಬ್ಲಿ ಲೈನ್ ತಂದ ಫೋರ್ಡ್ 1920ರಿಂದ ತನ್ನ ಒಡೆತನದ ‘ಡಿಯರ್‌ಬಾರ್ನ್ ಇಂಡಿಪೆಂಡೆಂಟ್’ ಪತ್ರಿಕೆಯಲ್ಲಿ ಇದೇ ಸುಳ್ಳನ್ನು ಆಧರಿಸಿದ ಲೇಖನಮಾಲೆ ಪ್ರಕಟಿಸಿದ. ಕಾರು ಮಾರುವ ಡೀಲರುಗಳ ಮೂಲಕವೂ ಪತ್ರಿಕೆ ಹಂಚಿಕೆಯಾಯಿತು. ಆ ಲೇಖನಗಳು ಪುಸ್ತಕಗಳಾಗಿ, ಜರ್ಮನ್ ಭಾಷೆಗೆ ಅನುವಾದವಾಗಿ ನಾಜಿಗಳ ಕೈ ಸೇರಿದವು. 1927ರಲ್ಲಿ ಫೋರ್ಡ್ ಕ್ಷಮೆ ಕೇಳಿದ. ಆದರೆ ಅಚ್ಚಾದ ಪ್ರತಿಗಳು ಕ್ಷಮೆ ಕೇಳುವುದಿಲ್ಲವಲ್ಲ.

ರಷ್ಯಾದಲ್ಲಿ ಹುಟ್ಟಿ, ಫ್ರಾನ್ಸಿನಿಂದ ಸಾಲುಗಳನ್ನು ಕದ್ದು, ಅಮೆರಿಕದಲ್ಲಿ ಬಂಡವಾಳ ಪಡೆದು, ಜರ್ಮನಿಯಲ್ಲಿ ಅಧಿಕಾರಕ್ಕೆ ಬಂದ ಸುಳ್ಳು ಇದು. ದ್ವೇಷಕ್ಕೆ ಆಗಲೇ ಅಂತರರಾಷ್ಟ್ರೀಯ ಸಹಕಾರ ಸಿಕ್ಕಿತ್ತು. ದ್ವೇಷವನ್ನು ಎದುರಿಸಬೇಕಾದವರ ಸಹಕಾರ ಹೇಗಿತ್ತು?

ಕೈ ಚೆಲ್ಲಿದ 32 ದೇಶಗಳು

1938ರ ಜುಲೈ ತಿಂಗಳಲ್ಲಿ ಫ್ರಾನ್ಸಿನ ಎವಿಯಾಂ ಎಂಬ ಪಟ್ಟಣದಲ್ಲಿ 32 ದೇಶಗಳ ಪ್ರತಿನಿಧಿಗಳು ಸೇರಿದರು. ನಾಜಿ ಆಡಳಿತದಿಂದ ತಪ್ಪಿಸಿಕೊಂಡು ಓಡಿ ಬರುತ್ತಿದ್ದ ಯಹೂದಿಗಳನ್ನು ಯಾರು ಎಷ್ಟು ಜನ ಸೇರಿಸಿಕೊಳ್ಳಬೇಕು ಎನ್ನುವುದೇ ಚರ್ಚೆ. ಒಬ್ಬರಾದ ಮೇಲೆ ಒಬ್ಬರು ಎದ್ದು ಸಹಾನುಭೂತಿ ಹೇಳಿದರು. ನಮ್ಮಲ್ಲಿ ನಿರುದ್ಯೋಗ ಇದೆ, ಜಾಗ ಇಲ್ಲ ಎಂದರು. ದೊಡ್ಡ ಸಂಖ್ಯೆಯಲ್ಲಿ ಕರೆದುಕೊಳ್ಳುತ್ತೇವೆ ಎಂದು ಮುಂದೆ ಬಂದದ್ದು ಪುಟ್ಟ ಡೊಮಿನಿಕನ್ ಗಣರಾಜ್ಯ ಮಾತ್ರ. ಅದೇ ಜುಲೈ ಮುಗಿಯುವಷ್ಟರಲ್ಲಿ ಹೆನ್ರಿ ಫೋರ್ಡ್‌ಗೆ ನಾಜಿ ಜರ್ಮನಿಯ ಉನ್ನತ ಪದಕವೊಂದು ಸಂದಿತು.

ಮರುವರ್ಷ, 1939ರ ಮೇ ತಿಂಗಳಲ್ಲಿ, ‘ಸೇಂಟ್ ಲೂಯಿಸ್’ ಎಂಬ ಹಡಗು 937 ಪ್ರಯಾಣಿಕರನ್ನು ಹೊತ್ತು ಹ್ಯಾಂಬರ್ಗಿನಿಂದ ಹೊರಟಿತು. ಹೆಚ್ಚುಕಡಿಮೆ ಎಲ್ಲರೂ ಯಹೂದಿ ನಿರಾಶ್ರಿತರು. ಕ್ಯೂಬಾ ಕೇವಲ 28 ಜನರನ್ನು ಇಳಿಸಿಕೊಂಡಿತು. ಅಮೆರಿಕದ ದಂಡೆಯ ದೀಪಗಳು ಕಾಣುವಷ್ಟು ಹತ್ತಿರ ಹೋದರೂ ಒಳಗೆ ಬಿಡಲಿಲ್ಲ. ಕೆನಡಾ ಕೂಡ ಬೇಡ ಎಂದಿತು. ಹಡಗು ಯುರೋಪಿಗೇ ಮರಳಿತು. ಹಾಗೆ ಮರಳಿದವರಲ್ಲಿ 254 ಜನ ಮುಂದೆ ಹತ್ಯಾಕಾಂಡದಲ್ಲಿ ಸತ್ತರು.

ಆ ಪ್ರಯಾಣಿಕರನ್ನು ವಾಪಸ್ ಕಳಿಸಿದವರು ನಾಜಿಗಳಲ್ಲ. ಕಾಗದಪತ್ರ ಸರಿಯಾಗಿ ನೋಡಿ, ನಿಯಮ ಪಾಲಿಸಿದ ಒಳ್ಳೆಯ ದೇಶಗಳ ಅಧಿಕಾರಿಗಳು. ಸಹಕಾರ ಎಂಬುದು ಭಾಷಣದಲ್ಲಿ ಉಳಿದು ಕೆಲಸದಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಅಟ್ಟ ಮೇಲೆ ಉರಿದ ಒಲೆ

‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆಯಂತೆ ಯುದ್ಧ ಮುಗಿದು ದಶಕಗಳಾದ ಮೇಲೆ ದೇಶಗಳು ಈ ವಿಷಯದಲ್ಲಿ ಒಟ್ಟಿಗೆ ಕೂರಲು ಶುರು ಮಾಡಿದವು. ಸ್ವೀಡನ್ನಿನ ಶಾಲಾ ಮಕ್ಕಳಿಗೆ ಹತ್ಯಾಕಾಂಡದ ಬಗ್ಗೆ ಸರಿಯಾಗಿ ಗೊತ್ತಿಲ್ಲ ಎಂದು ತಿಳಿದು ಆತಂಕಗೊಂಡ ಅಲ್ಲಿನ ಪ್ರಧಾನಿ ಯೋರಾನ್ ಪೆರ್ಸನ್ 1998ರಲ್ಲಿ ಅಮೆರಿಕ, ಬ್ರಿಟನ್ ಜೊತೆ ಸೇರಿ ಒಂದು ಕಾರ್ಯಪಡೆ ಕಟ್ಟಿದರು. ಅದೇ ಇಂದು 35 ಸದಸ್ಯ ದೇಶಗಳ ‘ಅಂತರರಾಷ್ಟ್ರೀಯ ಹತ್ಯಾಕಾಂಡ ಸ್ಮರಣೆ ಒಕ್ಕೂಟ’ವಾಗಿದೆ. ಆಶ್‌ವಿಟ್ಜ್ ಶಿಬಿರ ಬಿಡುಗಡೆಯಾದ ಜನವರಿ 27ನ್ನು ಸ್ಮರಣೆಯ ದಿನವಾಗಿ ಆಚರಿಸಲು ವಿಶ್ವಸಂಸ್ಥೆ 2005ರಲ್ಲಿ ನಿರ್ಣಯಿಸಿತು. ಹತ್ಯಾಕಾಂಡ ನಡೆದೇ ಇಲ್ಲ ಎನ್ನುವ ಪ್ರಚಾರವನ್ನು ಖಂಡಿಸುವ ನಿರ್ಣಯ 2022ರ ಜನವರಿ 20ರಂದು ಬಂತು. ಸರಿಯಾಗಿ 80 ವರ್ಷಗಳ ಹಿಂದೆ, ಅದೇ ದಿನ, ಬರ್ಲಿನ್ನಿನ ವಾನ್‌ಸೇ ಎಂಬಲ್ಲಿ ನಾಜಿ ಅಧಿಕಾರಿಗಳು ಸಭೆ ಸೇರಿ ಯುರೋಪಿನ ಯಹೂದಿಗಳ ಕೊಲೆಯ ವ್ಯವಸ್ಥೆ ಮಾಡಿದ್ದರು.

ಇವೆಲ್ಲ ಬರೀ ಕಾಗದ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಕಾಗದದಿಂದ ಕೆಲಸಕ್ಕೆ ಇಳಿದ ಒಂದು ಉದಾಹರಣೆ ನಮ್ಮ ಕಂಪ್ಯೂಟರ್ ಸೈನ್ಸಿನಲ್ಲೇ ಸಿಕ್ಕಿತು.

ಮೂರು ದೇಶ, ಒಂದೇ ಸರಪಳಿ

2018ರ ಅಕ್ಟೋಬರಿನಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ನುಗ್ಗಿದವನೊಬ್ಬ 11 ಜನರನ್ನು ಕೊಂದ. ವಲಸಿಗರನ್ನು ದೇಶಕ್ಕೆ ತಂದು ತುಂಬುತ್ತಿರುವವರು ಯಹೂದಿಗಳೇ ಎಂಬುದು ಅವನ ತಲೆಯಲ್ಲಿದ್ದ ಹುಳ. 2019ರ ಮಾರ್ಚಿನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ಒಬ್ಬ ಎರಡು ಮಸೀದಿಗಳ ಮೇಲೆ ದಾಳಿ ಮಾಡಿ 51 ಮುಸ್ಲಿಮರನ್ನು ಕೊಂದು, ಅದನ್ನು ಫೇಸ್‌ಬುಕ್ಕಿನಲ್ಲಿ ನೇರ ಪ್ರಸಾರ ಮಾಡಿದ. ಏಪ್ರಿಲಿನಲ್ಲಿ ಅಮೆರಿಕದ ಪೋವೆ ಎಂಬಲ್ಲಿ ಸಿನಗಾಗಿನ ಮೇಲೆ ಗುಂಡು ಹಾರಿಸಿ ಒಬ್ಬ ಮಹಿಳೆಯನ್ನು ಕೊಂದವನು ಈ ಎರಡೂ ಘಟನೆಗಳಿಂದ ಪ್ರೇರಣೆ ಪಡೆದವನು. ಅಕ್ಟೋಬರಿನಲ್ಲಿ, ಯಹೂದಿಗಳ ಅತ್ಯಂತ ಪವಿತ್ರ ದಿನವಾದ ಯೋಮ್ ಕಿಪ್ಪೂರ್‌ನಂದು, ಜರ್ಮನಿಯ ಹಾಲೆ ನಗರದಲ್ಲಿ ಇನ್ನೊಬ್ಬ ಬಂದ. ಸಿನಗಾಗಿನೊಳಗೆ ಐವತ್ತಕ್ಕೂ ಹೆಚ್ಚು ಜನರಿದ್ದರು. ಮರದ ಬಾಗಿಲು ಗುಂಡಿಗೂ ಜಗ್ಗಲಿಲ್ಲ. ಒಳಗಿದ್ದವರು ಉಳಿದರು, ಹೊರಗೆ ಇಬ್ಬರು ಸತ್ತರು. ಅವನೂ ನೇರ ಪ್ರಸಾರ ಮಾಡುತ್ತಿದ್ದ. ಜಗತ್ತಿನ ವೀಕ್ಷಕರಿಗೆ ಅರ್ಥವಾಗಲಿ ಎಂದು ಜರ್ಮನ್ ಬಿಟ್ಟು ಇಂಗ್ಲಿಷಿನಲ್ಲೂ ಮಾತಾಡಿದ್ದ.

ಒಂದೇ ವರ್ಷದ ಅವಧಿಯಲ್ಲಿ ಮೂರು ಖಂಡಗಳು. ಕೊಲೆಗಾರರು ಒಬ್ಬರನ್ನೊಬ್ಬರು ಕಂಡವರಲ್ಲ, ಆದರೆ ಒಬ್ಬರನ್ನೊಬ್ಬರು ಓದಿದವರು. ಯಹೂದಿಯನ್ನು ಕೊಂದವನೂ ಮುಸ್ಲಿಮನನ್ನು ಕೊಂದವನೂ ಒಂದೇ ಬಾವಿಯ ನೀರು ಕುಡಿದಿದ್ದರು. ‘ಅವರ ನೋವು ಬೇರೆ, ಇವರ ನೋವು ಬೇರೆ’ ಎಂದು ಪಾಲು ಹಂಚುವವರು ಈ ಸರಪಳಿಯನ್ನು ಒಮ್ಮೆ ನೋಡಬೇಕು.

ಈಗ ತಂತ್ರಜ್ಞಾನಕ್ಕೆ ಬರೋಣ. ಕ್ರೈಸ್ಟ್‌ಚರ್ಚ್ ವಿಡಿಯೊದ 15 ಲಕ್ಷ ಪ್ರತಿಗಳನ್ನು ಮೊದಲ 24 ಗಂಟೆಗಳಲ್ಲಿ ತೆಗೆದುಹಾಕಿದ್ದಾಗಿ ಫೇಸ್‌ಬುಕ್ ಹೇಳಿತು. ಒಂದು ಕಡೆ ತೆಗೆದರೆ ಇನ್ನೊಂದು ಕಡೆ ಹಾಕುತ್ತಾರೆ. ಇದಕ್ಕೆ ಕಂಪನಿಗಳು ಸೇರಿ ಬಳಸುವ ದಾರಿ ‘ಹ್ಯಾಶ್’. ಡೇಟಾ ಸ್ಟ್ರಕ್ಚರ್ ಓದಿದವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ವಿಡಿಯೊದ ಬೆರಳಚ್ಚು. ವಿಡಿಯೊವನ್ನು ಲೆಕ್ಕಕ್ಕೆ ಹಾಕಿ ಒಂದು ಚಿಕ್ಕ ಸಂಕೇತ ತೆಗೆಯುತ್ತಾರೆ. ಒಂದು ಕಂಪನಿ ಕೆಟ್ಟ ವಿಡಿಯೊ ಕಂಡರೆ ವಿಡಿಯೊವನ್ನಲ್ಲ, ಅದರ ಬೆರಳಚ್ಚನ್ನು ಮಾತ್ರ ಉಳಿದ ಕಂಪನಿಗಳಿಗೆ ಕೊಡುತ್ತದೆ. ಅದೇ ವಿಡಿಯೊ ಬೇರೆ ಎಲ್ಲಿ ಅಪ್‌ಲೋಡ್ ಆದರೂ ಬೆರಳಚ್ಚು ಹೊಂದುತ್ತದೆ. ಅಂಚು ಕತ್ತರಿಸಿ, ಬಣ್ಣ ಬದಲಿಸಿ ಹಾಕಿದರೂ ಹಿಡಿಯುವಂಥ ಹ್ಯಾಶ್‌ಗಳೂ ಇವೆ. ಈ ಹಂಚಿಕೆಗಾಗಿ ಫೇಸ್‌ಬುಕ್, ಮೈಕ್ರೊಸಾಫ್ಟ್, ಟ್ವಿಟರ್, ಯೂಟ್ಯೂಬ್ ಸೇರಿ 2017ರಲ್ಲೇ ಒಂದು ವೇದಿಕೆ ಮಾಡಿಕೊಂಡಿದ್ದವು. ಕ್ರೈಸ್ಟ್‌ಚರ್ಚ್ ದಾಳಿಯ ಎರಡು ತಿಂಗಳ ನಂತರ ನ್ಯೂಜಿಲೆಂಡ್ ಮತ್ತು ಫ್ರಾನ್ಸ್ ಪ್ಯಾರಿಸ್ಸಿನಲ್ಲಿ ದೇಶಗಳನ್ನೂ ಕಂಪನಿಗಳನ್ನೂ ಒಟ್ಟಿಗೆ ಕೂರಿಸಿ ‘ಕ್ರೈಸ್ಟ್‌ಚರ್ಚ್ ಕರೆ’ ಹೊರಡಿಸಿದವು. ಅದಕ್ಕೆ ದನಿಗೂಡಿಸಿದ ಮೊದಲ ದೇಶಗಳಲ್ಲಿ ಭಾರತವೂ ಒಂದು.

ಹಾಲೆಯ ದಾಳಿಯನ್ನು ನೇರ ಪ್ರಸಾರದಲ್ಲಿ ನೋಡಿದವರು ಐದೇ ಜನ. ನಂತರದ 30 ನಿಮಿಷಗಳಲ್ಲಿ ರೆಕಾರ್ಡಿಂಗ್ ನೋಡಿದವರು ಸುಮಾರು 2,200. ಅಷ್ಟರಲ್ಲಿ ಅದನ್ನು ತೆಗೆದು, ಬೆರಳಚ್ಚು ಹಂಚಲಾಯಿತು. ಪ್ರತಿಗಳು ಆಗಲೇ ಬೇರೆ ಕಡೆ ಹೋಗಿದ್ದವು, ನಿಜ. ಆದರೂ ಏಳು ತಿಂಗಳ ಹಿಂದಿನ 15 ಲಕ್ಷದ ಜೊತೆ ಹೋಲಿಸಿ ನೋಡಿ. ಪೂರ್ತಿ ಗೆಲುವಲ್ಲ. ಆದರೆ ಸಹಕಾರ ಕೆಲಸ ಮಾಡಬಲ್ಲದು ಎನ್ನಲು ಸಾಕು.

ಎಣಿಸದಿದ್ದರೆ ಕಾಣುವುದಿಲ್ಲ

ಎರಡನೆಯ ಕೆಲಸ ಎಣಿಕೆ. ಯುರೋಪ್, ಉತ್ತರ ಅಮೆರಿಕ, ಮಧ್ಯ ಏಷ್ಯಾದ 57 ದೇಶಗಳ ಭದ್ರತೆ ಮತ್ತು ಸಹಕಾರ ಸಂಘಟನೆ ದ್ವೇಷದಿಂದ ನಡೆದ ಅಪರಾಧಗಳ ಲೆಕ್ಕವನ್ನು ದೇಶಗಳಿಂದ ಪಡೆದು ಪ್ರಕಟಿಸುತ್ತದೆ. ಕೆಲವು ದೇಶಗಳು ಲೆಕ್ಕ ಕೊಡುತ್ತವೆ, ಕೆಲವು ಅರ್ಧಂಬರ್ಧ ಕೊಡುತ್ತವೆ, ಕೆಲವು ಕೊಡುವುದೇ ಇಲ್ಲ. ಕೊಡದ ದೇಶದಲ್ಲಿ ದ್ವೇಷ ಇಲ್ಲವೆಂದಲ್ಲ. ಅಲ್ಲಿ ಅದನ್ನು ಬರೆದುಕೊಳ್ಳುವವರು ಇಲ್ಲ.

ಲೆಕ್ಕದ ಬೆಲೆ ನಮಗೆ ಗೊತ್ತಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯದ ಅಂಕಿ ಅಂಶ ನಮ್ಮ ದೇಶದಲ್ಲಿ ಪ್ರಕಟವಾಗುತ್ತದೆ. ಅದು ಇರುವುದರಿಂದಲೇ ‘ಈಗ ಜಾತಿ ಎಲ್ಲಿದೆ?’ ಎನ್ನುವವರ ಮುಂದೆ ನಾವು ಏನಾದರೂ ಇಡಬಹುದು. ಯುರೋಪ್ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 13 ದೇಶಗಳ ಸುಮಾರು 8,000 ಯಹೂದಿಗಳನ್ನು 2023ರಲ್ಲಿ ಮಾತಾಡಿಸಿತು. ಹಿಂದಿನ ಒಂದು ವರ್ಷದಲ್ಲಿ ಯಹೂದಿ ದ್ವೇಷ ಎದುರಿಸಿದ್ದೇವೆ ಎಂದವರು ಶೇ 96. ಆಗಾಗಲಾದರೂ ತಮ್ಮ ಗುರುತು ಮುಚ್ಚಿಡುತ್ತೇವೆ ಎಂದವರು ಶೇ 76. ನೆನಪಿಡಿ, ಇದು 2023ರ ಅಕ್ಟೋಬರ್ 7ಕ್ಕಿಂತ ಮೊದಲೇ ಮುಗಿದ ಸಮೀಕ್ಷೆ. ಬಾಡಿಗೆ ಮನೆ ಕೇಳುವಾಗ ಅಡ್ಡಹೆಸರು ಹೇಳಲು ಹಿಂಜರಿಯುವ ಗೆಳೆಯರು ನಮ್ಮ ಕಾಲೇಜಿನಲ್ಲೂ ಇದ್ದಾರೆ. ಗುರುತು ಮುಚ್ಚಿಡುವುದು ಎಂದರೇನು ಎಂದು ಅವರಿಗೆ ವಿವರಿಸಬೇಕಾಗಿಲ್ಲ.

ಗೆರೆ ಎಲ್ಲಿ ಎಳೆಯಬೇಕು?

ಎಲ್ಲಕ್ಕಿಂತ ಕಠಿಣವಾದದ್ದು ನಮ್ಮ ಲ್ಯಾಬಿನ ಜಗಳವೇ. ಯಾವುದು ಯಹೂದಿ ದ್ವೇಷ, ಯಾವುದು ಇಸ್ರೇಲಿನ ಟೀಕೆ?

2016ರ ಮೇ ತಿಂಗಳಲ್ಲಿ ಮೇಲೆ ಹೇಳಿದ ಸ್ಮರಣೆ ಒಕ್ಕೂಟ ಬುಖಾರೆಸ್ಟಿನಲ್ಲಿ ಒಂದು ವ್ಯಾಖ್ಯೆಯನ್ನು ಒಪ್ಪಿತು. ಅದಕ್ಕೆ ಕಾನೂನಿನ ಬಲವಿಲ್ಲ. ಬೇರೆ ಯಾವುದೇ ದೇಶವನ್ನು ಟೀಕಿಸುವ ಹಾಗೆ ಇಸ್ರೇಲನ್ನು ಟೀಕಿಸಿದರೆ ಅದು ಯಹೂದಿ ದ್ವೇಷವಲ್ಲ ಎಂದು ಅದರಲ್ಲೇ ಇದೆ. ಆದರೆ ಜೊತೆಗೆ ಕೊಟ್ಟ 11 ಉದಾಹರಣೆಗಳಲ್ಲಿ 7 ಇಸ್ರೇಲಿಗೆ ಸಂಬಂಧಿಸಿದವು. ಇದನ್ನು ಹಿಡಿದು ಪ್ಯಾಲೆಸ್ಟೀನಿಯನ್ನರ ಪರ ಮಾತಾಡುವವರ ಬಾಯಿ ಮುಚ್ಚಿಸುತ್ತಿದ್ದಾರೆ ಎಂಬ ಆಕ್ಷೇಪ ಎದ್ದಿತು. ಮೂಲ ಕರಡು ಬರೆಯುವುದರಲ್ಲಿ ಮುಖ್ಯ ಪಾತ್ರ ವಹಿಸಿದ್ದ ಅಮೆರಿಕದ ವಕೀಲ ಕೆನೆತ್ ಸ್ಟರ್ನ್ ಅವರೇ, ಇದು ಅಂಕಿ ಅಂಶ ಸಂಗ್ರಹಕ್ಕೆ ಬರೆದದ್ದು, ಕ್ಯಾಂಪಸ್ಸಿನಲ್ಲಿ ಮಾತು ಹತ್ತಿಕ್ಕಲು ಅಲ್ಲ ಎಂದು ಬಹಿರಂಗವಾಗಿ ಹೇಳಿದ್ದಾರೆ. 2021ರಲ್ಲಿ ಇನ್ನೂರಕ್ಕೂ ಹೆಚ್ಚು ವಿದ್ವಾಂಸರು ‘ಜೆರುಸಲೇಮ್ ಘೋಷಣೆ’ ಎಂಬ ಬೇರೆ ವ್ಯಾಖ್ಯೆಯನ್ನೇ ಮುಂದಿಟ್ಟರು.

ನನ್ನ ಅಭಿಪ್ರಾಯ ಇಷ್ಟು. ದೇಶಗಳ ಸಹಕಾರ ಚೆನ್ನಾಗಿ ನಡೆಯುವುದು ಎಲ್ಲರೂ ಒಪ್ಪಬಹುದಾದ ಸರಳ ಸಂಗತಿಗಳ ಮೇಲೆ: ಕೊಲೆಯ ವಿಡಿಯೊ ಹಂಚಬಾರದು, ಅಪರಾಧವನ್ನು ಎಣಿಸಬೇಕು, ನಡೆದ ಇತಿಹಾಸವನ್ನು ನಡೆದಿಲ್ಲ ಎನ್ನಬಾರದು. ಅದೇ ಸಹಕಾರವನ್ನು ಒಂದು ಸರ್ಕಾರದ ನಡೆಗೆ ಗುರಾಣಿ ಮಾಡಿಕೊಂಡ ದಿನ ಜನ ನಂಬುವುದನ್ನು ಬಿಡುತ್ತಾರೆ. ಆಗ ನಿಜವಾದ ದ್ವೇಷ ಕಂಡಾಗ ಕೂಗಿದರೂ ಯಾರೂ ತಿರುಗಿ ನೋಡುವುದಿಲ್ಲ. ಅದರ ನಷ್ಟ ಮೊದಲು ಆಗುವುದು ಯಹೂದಿಗಳಿಗೇ.

ಇದರ ಇನ್ನೊಂದು ಮಗ್ಗುಲನ್ನೂ ಅಷ್ಟೇ ನೇರವಾಗಿ ಹೇಳಬೇಕು. 2004ರಲ್ಲಿ ಬರ್ಲಿನ್ನಿನಲ್ಲಿ ಸೇರಿದ ಅದೇ ಭದ್ರತಾ ಸಂಘಟನೆಯ ದೇಶಗಳು, ಇಸ್ರೇಲಿನಲ್ಲಾಗಲಿ ಮಧ್ಯಪ್ರಾಚ್ಯದ ಬೇರೆಡೆಯಾಗಲಿ ಏನೇ ನಡೆದರೂ ಅದು ಯಹೂದಿ ದ್ವೇಷಕ್ಕೆ ಸಮರ್ಥನೆಯಾಗದು ಎಂದು ಘೋಷಿಸಿದವು. ಅಕ್ಟೋಬರ್ 7ರಂದು ಹಮಾಸ್ ಸುಮಾರು 1,200 ಜನರನ್ನು ಕೊಂದಿತು. ನಂತರ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು. ಎರಡೂ ನನ್ನ ನಿದ್ದೆ ಕೆಡಿಸಿದ ಸುದ್ದಿಗಳು. ಆದರೆ ಗಾಜಾದ ಮಗುವಿಗಾಗಿ ಅಳುವವನು ಹಿಟ್ಲರನನ್ನು ಹೊಗಳಬೇಕಿಲ್ಲ. ಹಿಟ್ಲರನ ಕೈಯಲ್ಲಿ ಸತ್ತವರಲ್ಲೂ ಮಕ್ಕಳಿದ್ದರು.

ನಮಗೂ ಇದಕ್ಕೂ ಏನು ಸಂಬಂಧ?

‘ಅದು ಬಿಳಿಯರ ಸಮಸ್ಯೆ, ಭಾರತದಲ್ಲಿ ಯಹೂದಿಗಳಿಗೆ ಯಾರೂ ತೊಂದರೆ ಕೊಟ್ಟಿಲ್ಲ’ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆಗೆ ಕಾರಣವಿದೆ. ಕೊಚ್ಚಿಯ ಪರದೇಶಿ ಸಿನಗಾಗ್ 1568ರದ್ದು. ಮುಂಬೈಯಲ್ಲಿ ಬೆನೆ ಇಸ್ರೇಲಿ ಸಮುದಾಯವಿದೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಯಹೂದಿಗಳ ಪುಟ್ಟ ಸ್ಮಶಾನವಿದೆ. ಆದರೆ 2008ರ ನವೆಂಬರ್ 26ರ ದಾಳಿಯಲ್ಲಿ ಉಗ್ರರು ಮುಂಬೈಯ ಗಲ್ಲಿಯೊಂದರ ಒಳಗಿದ್ದ ನರಿಮನ್ ಹೌಸನ್ನು ಹುಡುಕಿಕೊಂಡು ಹೋದದ್ದು ಅದು ಯಹೂದಿಗಳ ಕೇಂದ್ರ ಎಂಬ ಕಾರಣಕ್ಕೇ. ರಬ್ಬಿ ದಂಪತಿ ಸೇರಿ ಆರು ಮಂದಿ ಅಲ್ಲಿ ಕೊಲೆಯಾದರು. ಅವರ ಪುಟ್ಟ ಮಗನನ್ನು ಎತ್ತಿಕೊಂಡು ಹೊರಗೆ ಓಡಿದವರು ಮನೆಯ ಆಯಾ, ಭಾರತೀಯ ಹೆಣ್ಣುಮಗಳು. ಆ ಕಟ್ಟಡದ ಕಾರ್ಯಾಚರಣೆಯಲ್ಲಿ ಪ್ರಾಣ ಕೊಟ್ಟವರು ಎನ್ಎಸ್‌ಜಿ ಹವಾಲ್ದಾರ್ ಗಜೇಂದ್ರ ಸಿಂಗ್. ಇದು ಬೇರೆಯವರ ಸಮಸ್ಯೆ ಎಂದು ಆ ಇಬ್ಬರೂ ಅಂದುಕೊಳ್ಳಲಿಲ್ಲ.

ಸ್ಮರಣೆ ಒಕ್ಕೂಟದ ಸದಸ್ಯರಲ್ಲಿ ಭಾರತ ಇಲ್ಲ. ವಿವಾದವಿರುವ ವ್ಯಾಖ್ಯೆಗೆ ಕಣ್ಣುಮುಚ್ಚಿ ಸಹಿ ಹಾಕಬೇಕೆಂದು ನಾನು ಹೇಳುತ್ತಿಲ್ಲ. ತೆರೆದಿರುವ ಬೇರೆ ಬಾಗಿಲುಗಳಿವೆ. ಶಾಲೆಗಳಲ್ಲಿ ಇದನ್ನು ಕಲಿಸುವುದು ಹೇಗೆ ಎಂಬ ಮಾರ್ಗದರ್ಶಿಯನ್ನು ಯುನೆಸ್ಕೊ 2018ರಲ್ಲೇ ಹೊರತಂದಿದೆ. ಅಂಥದ್ದು ಕನ್ನಡಕ್ಕೆ ಬರಲಿ. ಟೆಲಿಗ್ರಾಂನಲ್ಲಿ ಹತ್ಯಾಕಾಂಡದ ಬಗ್ಗೆ ಬರುವ ಸಾರ್ವಜನಿಕ ಪೋಸ್ಟುಗಳಲ್ಲಿ ಶೇ 49ರಷ್ಟು ಅದನ್ನು ಅಲ್ಲಗಳೆಯುವ ಇಲ್ಲವೇ ತಿರುಚುವ ಪೋಸ್ಟುಗಳು ಎಂದು 2022ರಲ್ಲಿ ವಿಶ್ವಸಂಸ್ಥೆ ಮತ್ತು ಯುನೆಸ್ಕೊ ವರದಿ ಹೇಳಿತು. ಇನ್‌ಸ್ಟಾಗ್ರಾಂನಲ್ಲಿ ಇದು ಶೇ 3. ಎರಡೂ ಆ್ಯಪ್‌ಗಳು ಒಂದೇ ಫೋನಿನಲ್ಲಿರುತ್ತವೆ, ಬಳಸುವವರೂ ಒಬ್ಬರೇ. ವ್ಯತ್ಯಾಸ ಇರುವುದು ನಿಯಮ ಮಾಡಿ ಪಾಲಿಸುವುದರಲ್ಲಿ. ನಾಳೆ ಆ ನಿಯಮಗಳನ್ನು ಕೋಡ್ ಆಗಿ ಬರೆಯುವವರಲ್ಲಿ ನಮ್ಮ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕಾಲೇಜುಗಳಿಂದ ಹೊರಟವರು ಸಾಕಷ್ಟು ಜನ ಇರುತ್ತಾರೆ.

ಜರ್ಮನಿಯ ಎರ್ಫರ್ಟ್ ನಗರದಲ್ಲಿ ‘ಟಾಪ್ಫ್ ಅಂಡ್ ಸನ್ಸ್’ ಎಂಬ ಕುಲುಮೆ ಕಂಪನಿಯಿತ್ತು. ಆಶ್‌ವಿಟ್ಜ್‌ನಲ್ಲಿ ಹೆಣ ಸುಡುವ ಒಲೆಗಳನ್ನು ಮಾಡಿಕೊಟ್ಟದ್ದು ಅದೇ. ಅಲ್ಲಿನ ಎಂಜಿನಿಯರ್ ಒಬ್ಬ 1942ರಲ್ಲಿ, ಬಿಡುವಿಲ್ಲದೆ ಉರಿಯುವ ಹೊಸ ವಿನ್ಯಾಸಕ್ಕೆ ಪೇಟೆಂಟ್ ಕೇಳಿ ಅರ್ಜಿ ಹಾಕಿದ್ದ. ಅವನಿಗೂ ನಮ್ಮ ಹಾಗೆ ಡ್ರಾಯಿಂಗ್, ಡೆಡ್‌ಲೈನ್, ಬಡ್ತಿಯ ಆಸೆ ಇದ್ದಿರಬೇಕು. ಇಂದು ಆ ಕಂಪನಿಯ ಕಟ್ಟಡ ಸ್ಮಾರಕವಾಗಿದೆ. ಏನು ಮಾಡುತ್ತಿದ್ದೇನೆ, ಯಾರಿಗಾಗಿ ಮಾಡುತ್ತಿದ್ದೇನೆ ಎಂದು ಕೇಳಿಕೊಳ್ಳದ ಎಂಜಿನಿಯರ್ ಎಲ್ಲಿಗೆ ಮುಟ್ಟಬಹುದು ಎಂದು ತಿಳಿಯಲು ನಾವು ಓದಬೇಕಾದ ಪಾಠ ಅದು.

ನಮ್ಮ ಪ್ರಾಜೆಕ್ಟಿಗೆ ಕೊನೆಗೆ ಒಂದೇ ಸಾಲಿನ ನಿಯಮ ಬರೆದುಕೊಂಡೆವು: ಸಮುದಾಯದ ಹೆಸರು ತೆಗೆದು ನಿನ್ನ ಸಮುದಾಯದ ಹೆಸರು ಹಾಕಿ ಓದು; ಆಗ ಚುಚ್ಚಿದರೆ ಅದು ಯಾರಿಗೆ ಹೇಳಿದರೂ ದ್ವೇಷವೇ. ಲ್ಯಾಬಿನಲ್ಲಿ ಅಂದು ಓದಲು ಒಪ್ಪದ ಗೆಳೆಯನೇ ಅದನ್ನು ಟೈಪ್ ಮಾಡಿದ. ಆಮೇಲೂ ಎಲ್ಲ ಕಾಮೆಂಟುಗಳಿಗೆ ಒಮ್ಮತ ಸಿಗಲಿಲ್ಲ. ನಾಲ್ವರಿಗೇ ಇಷ್ಟು ಕಷ್ಟವಾದರೆ 35, 57, 193 ದೇಶಗಳಿಗೆ ಎಷ್ಟು ಕಷ್ಟ ಎಂದು ಅರ್ಥವಾಯಿತು. ಕಷ್ಟ ಎಂದು ಎದ್ದು ಹೋದರೆ ಏನಾಗುತ್ತದೆ ಎಂಬುದೂ ಎವಿಯಾಂ ಓದಿದ ಮೇಲೆ ಗೊತ್ತಿತ್ತು.

ಸಬ್ಮಿಷನ್ ಮುಗಿದ ದಿನ ಪಿಯುಸಿಯ ಹಳೆಯ ಗ್ರೂಪ್ ತೆರೆದೆ. ಆ ಚಿತ್ರ ಅಲ್ಲೇ ಇತ್ತು. ‘ಮೂರು ವರ್ಷದ ಹಿಂದೆ ನಾನು ಕಳಿಸಿದ್ದ ಈ ಮಾತು ಸುಳ್ಳು. ತಪ್ಪಾಯ್ತು’ ಎಂದು ಕೆಳಗೆ ಬರೆದೆ. ‘ಈಗ್ಯಾಕೋ ಇದೆಲ್ಲ?’ ಎಂದು ಒಬ್ಬ ಕೇಳಿದ. ಇನ್ನಿಬ್ಬರು ಏನೂ ಹೇಳದೆ, ಅದೇ ಚಿತ್ರವಿದ್ದ ತಮ್ಮ ಸ್ಟೇಟಸ್ ಅಳಿಸಿದರು.